ಐದನೆಯ ಕಲಮಿನಲ್ಲಿ ನಾನು ಬರೆದ ‘ಇದೆ’

ಫಾರ್ಮಿನಲ್ಲಿ ಎಂಟು ಕಲಮುಗಳಿದ್ದವು. ಯಜಮಾನನ ಹೆಸರು, ಮನೆಯಲ್ಲಿ ಉಣ್ಣುವ ಬಾಯಿಗಳು, ಮಗ್ಗಗಳೆಷ್ಟು, ನೂಲಿನ ಕಾರ್ಡು ಇದೆಯೋ ಇಲ್ಲವೋ ಎಂಬ ನಾಲ್ಕು ಮುಗಿದ ಮೇಲೆ ಐದನೆಯದು: ‘ಮಗ್ಗದ ಮೇಲೆ ನೂಲು ಇದೆಯೇ?’ ಇದೆ ಅಥವಾ ಇಲ್ಲ ಎಂದು ಬರೆದರೆ ಆಯಿತು. ಇಷ್ಟು ಸುಲಭದ ಕೆಲಸ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಹಿಗ್ಗಿದ್ದೆ. ನನ್ನ ಮರ್ಯಾದೆ ತೆಗೆದದ್ದೂ, ಮುಂದೆ ನನ್ನನ್ನು ಒಂದಿಷ್ಟು ಮನುಷ್ಯನನ್ನಾಗಿ ಮಾಡಿದ್ದೂ ಅದೇ ಕಲಮು.

ನಾನು ಶಿರಹಟ್ಟಿಯವನು, ಸಂಸ್ಥಾನದ ಕಾರಕೂನ. ಸ್ವಾತಂತ್ರ್ಯ ಬಂದು ಸಂಸ್ಥಾನ ಮುಂಬಯಿ ಇಲಾಖೆ ಎಂಬ ಪ್ರಾಂತದಲ್ಲಿ ವಿಲೀನವಾದಾಗ ಊರಿನ ಜೊತೆ ನಮ್ಮನ್ನೂ ತೆಗೆದುಕೊಂಡರು, ಆದರೆ ತಾತ್ಕಾಲಿಕವಾಗಿ. ಖಾಯಂ ಆಗುವ ಕಾಗದ ಬರುವವರೆಗೆ ಬಾಯಿ ಮುಚ್ಚಿಕೊಂಡು ದುಡಿಯಬೇಕು. ನನ್ನನ್ನು ಗದುಗಿನಲ್ಲಿ ಪರಿಹಾರದ ಕೆಲಸಕ್ಕೆಂದು ತೆರೆದ ಸಣ್ಣ ಕಚೇರಿಯೊಂದಕ್ಕೆ ಹಾಕಿದರು. ಅಲ್ಲಿ ಒಬ್ಬರು ಸಾಹೇಬರು, ನಿವೃತ್ತಿಗೆ ಹತ್ತಿರವಾದ ಒಬ್ಬರು ಹಿರಿಯ ಕಾರಕೂನರು, ನಾನು, ಒಬ್ಬ ಸಿಪಾಯಿ.

ಆ ವರ್ಷ ನೂಲು ಸಿಗುತ್ತಿರಲಿಲ್ಲ. ಬೆಟಗೇರಿಯ ನೇಕಾರರು ಕಾರ್ಡು ಹಿಡಿದು ನೂಲಿನ ಅಂಗಡಿಗೆ ಹೋಗುವುದು, ಖಾಲಿ ಕೈಯಲ್ಲಿ ಬರುವುದು, ತಿಂಗಳುಗಟ್ಟಲೆ ಇದೇ ಆಗಿತ್ತು. ಕೆಲಸವಿಲ್ಲದ ನೇಕಾರರ ಮನೆಗೆ ವಾರಕ್ಕೊಮ್ಮೆ ಜೋಳ ಕೊಡುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ಮೇಲಿನಿಂದ ಹೊಸ ಯೋಚನೆಯೊಂದು ಬಂತು. ಇನ್ನು ಮುಂದೆ ನೇಕಾರ ಎಂದ ಮಾತ್ರಕ್ಕೆ ಜೋಳವಿಲ್ಲ. ಮಗ್ಗ ನಿಂತಿದೆ ಎಂದು ಸರಕಾರದ ಮನುಷ್ಯ ನೋಡಿ ಬರೆದರೆ ಮಾತ್ರ. ಮಗ್ಗ ನಡೆದಿದ್ದೂ ಸಾಲದು ಎನ್ನುವವರು ರಸ್ತೆಗೆ ಹೋಗಿ ಖಡಿ, ಅಂದರೆ ಜಲ್ಲಿಕಲ್ಲು, ಒಡೆದು ಕೂಲಿ ಪಡೆಯಲಿ. ಜೊತೆಗೆ, ಪರಿಹಾರ ಬೇಡುವವನು ಮುಂಬಯಿ ಇಲಾಖೆಯಲ್ಲಿ ಮೂರು ವರ್ಷ ವಾಸವಿದ್ದಿರಬೇಕು. ಇದೆಲ್ಲ ಇನ್ನೂ ಕರಡು. ಮೊದಲು ಬೆಟಗೇರಿಯಲ್ಲಿ ನಡೆಸಿ ನೋಡುವುದು, ಸರಿ ಕಂಡರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಅದೇ ಫಾರ್ಮು ಹಿಡಿದು ಪಟ್ಟಿ ಮಾಡಿ ನಿಯಮ ಗಟ್ಟಿ ಮಾಡುವುದು.

ಬೆಟಗೇರಿಯ ಪಟ್ಟಿ ನನ್ನ ಪಾಲಿಗೆ ಬಂತು. ಕರೀ ಟೊಪ್ಪಿಗೆ, ಕೋಟು, ಬಗಲಲ್ಲಿ ಫಾರ್ಮಿನ ಕಟ್ಟು. ಹೊಸ್ತಿಲ ಮೇಲೆ ನಿಂತು ಬಗ್ಗಿ ನೋಡುತ್ತಿದ್ದೆ. ಒಳಗೆ ಕತ್ತಲು, ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ, ಎಳೆಗಳನ್ನು ಬಾಚಣಿಗೆಯಂತೆ ಹಿಡಿದ ಅದರ ಹಣಿಗೆಯ ಮುಂದೆ ಬೆಳ್ಳಗೆ ಹೊಳೆಯುವ ದಾರಗಳು. “ನೂಲು ಐತೇನ?” ಎಂದು ಕೇಳುತ್ತಿದ್ದೆ. “ಐತ್ರಿ” ಎನ್ನುತ್ತಿದ್ದರು. ಕಣ್ಣು ಕಂಡಿತು, ಕಿವಿ ಕೇಳಿತು, ಇನ್ನೇನು ಬೇಕು? ‘ಇದೆ’ ಎಂದು ಬರೆದು ಮುಂದಿನ ಮನೆ. ಕೊಟ್ಟ ಅವಧಿಗಿಂತ ಮೊದಲೇ ಮುಗಿಸಿದೆ. ಸಾಹೇಬರು ಶಾಬಾಸ್ ಅಂದರು. ಪಟ್ಟಿ ಧಾರವಾಡದ ಜಿಲ್ಲಾ ಕಚೇರಿಗೆ ಹೋಯಿತು. ಅದರ ಪ್ರಕಾರ ಬೆಟಗೇರಿಯ ಓಣಿ ಓಣಿಗಳಲ್ಲಿ ಮಗ್ಗಗಳು ನಡೆದಿದ್ದವು, ಜೋಳಕ್ಕೆ ಅರ್ಹರಾದವರು ಬೆರಳೆಣಿಕೆಯಷ್ಟು. ನಾನೇ ಕೆಂಪು ಶಾಯಿಯಲ್ಲಿ ಉಳಿದ ಹೆಸರುಗಳ ಮೇಲೆ ಗೆರೆ ಎಳೆದೆ.

ಎರಡು ವಾರದ ಮೇಲೆ ಒಬ್ಬ ಹೆಣ್ಣುಮಗಳು ಕಚೇರಿಗೆ ಬಂದಳು. ನಡುವಯಸ್ಸು, ಸೆರಗನ್ನು ಬಿಗಿಯಾಗಿ ಸಿಗಿಸಿದ್ದಳು, ಮುಖದಲ್ಲಿ ಅಳುವ ಲಕ್ಷಣ ಎಳ್ಳಷ್ಟೂ ಇರಲಿಲ್ಲ. ನೇರ ನನ್ನ ಮೇಜಿನ ಮುಂದೆ ನಿಂತಳು.

“ನಮ್ಮ ಜ್ವಾಳ ಯಾಕ ನಿಂತಾವ್ರಿ?”

ಹೆಸರು ಕೇಳಿ ಪಟ್ಟಿ ತೆಗೆದೆ. “ನಿಮ್ಮ ಮಗ್ಗ ನಡದೈತಿ. ನಾನ ನೋಡಿ ಬಂದೀನಿ. ನೂಲು ಐತಿ ಅಂತ ನೀನ ಹೇಳಿದಿ.”

“ಹೇಳೀನ್ರಿ. ನೇಕಾರ ಮನಿಯಾಗ ಕುಂತು ಮಗ್ಗ ಬರಿದೈತಿ ಅಂತ ಯಾರರ ಬಾಯಿಲೆ ಆಡ್ತಾರೇನ್ರಿ?”

“ಹಂಗಾರ ಐತೋ, ಇಲ್ಲೋ?”

“ನೀವ ಬಂದು ನೇಯ್ರಿ ಸಾಹೇಬ್ರ. ಎಷ್ಟು ನೇಯ್ತೀರಿ ಅಷ್ಟೂ ಬಟ್ಟಿ ನಿಮಗ ಕೊಡ್ತೀನಿ.”

ಸಿಪಾಯಿ ಕಿಸಕ್ಕನೆ ನಕ್ಕ. ನನಗೆ ಮೈ ಉರಿಯಿತು. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಸುಳ್ಳು ಏಕೆ ಹೇಳಲಿ. ಬೈದು ಕಳಿಸಬೇಕೆಂದಿದ್ದೆ. ಪಕ್ಕದ ಮೇಜಿನಿಂದ ಹಿರಿಯ ಕಾರಕೂನರು ನಶ್ಯ ಏರಿಸುತ್ತ, “ಹೋಗಿ ಬರ್ರಿ, ದಾರಿ ಏನ್ ದೂರಿಲ್ಲ” ಎಂದರು. ಅವರ ಮಾತಿಗೆ ಎದುರಾಡುವ ರೂಢಿ ನನಗಿರಲಿಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಅವಳ ಮನೆಗೆ ಹೋದೆ.

ಓಣಿಯ ನಾಲ್ಕಾರು ಮಂದಿ ಬಾಗಿಲಲ್ಲಿ ಕೂಡಿದ್ದರು. ಅವಳು ಕುಣಿಯ ಅಂಚಿಗೆ ಒಂದು ಗೋಣಿತಟ್ಟು ಹಾಸಿ, “ಕುಂಡ್ರಿ” ಎಂದಳು. ಕೋಟು ತೆಗೆದು ಗೂಟಕ್ಕೆ ಹಾಕಿ, ಧೋತರ ಎತ್ತಿ ಕಟ್ಟಿ, ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ಕೂತೆ. “ಟೊಪ್ಪಿಗಿ ತಗೀರಿ, ದಾರಕ್ಕ ಬಡೀತೈತಿ” ಎಂದಳು. ಅದನ್ನೂ ತೆಗೆದೆ. ಕಾಲಹಲಗೆ ತುಳಿದರೆ ದಾರಗಳು ಮೇಲೆ ಕೆಳಗೆ ಬಾಯಿ ಬಿಟ್ಟವು. ಲಾಳಿ ಎಸೆದೆ, ನೆಲಕ್ಕೆ ಬಿತ್ತು. ಮತ್ತೆ ಎಸೆದೆ, ಮತ್ತೆ ಬಿತ್ತು. ಬಾಗಿಲಲ್ಲಿದ್ದವರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮೂರನೆಯ ಸಲ ಆ ಕಡೆ ಮುಟ್ಟಿತು. ಹಣಿಗೆ ಎಳೆದು ಬಡಿದೆ. ಹಾಗೇ ಸ್ವಲ್ಪ ಹೊತ್ತು ತುಳಿದು, ಎಸೆದು, ಬಡಿದೆ. ಕೈ ಕುದುರುತ್ತಿದೆ ಎನ್ನುವಷ್ಟರಲ್ಲಿ ಅವಳು ಹಣಿಗೆ ಹಿಡಿದು ನಿಲ್ಲಿಸಿದಳು.

“ಸಾಕ್ರಿ. ಎರಡು ಬೆರಳು ಬಟ್ಟಿ ಆತು. ಕಟ್ಟಿ ಕೊಡ್ಲೇನ್ರಿ?”

“ಯಾಕ, ಇನ್ನೂ ದಾರ ಅದಾವಲ್ಲ.”

“ಹಿಂದಕ್ಕ ನೋಡ್ರಿ.”

ಬಗ್ಗಿ ನೋಡಿದೆ. ಹಣಿಗೆಯ ಹಿಂದೆ ಒಂದು ಗೇಣಿನಷ್ಟು ದಾರ, ಅದರ ತುದಿಯನ್ನು ಒಂದು ಬಿದಿರು ಕಡ್ಡಿಗೆ ಬಿಗಿದಿತ್ತು. ಕಡ್ಡಿಯಿಂದ ಹಿಂದಿನ ಕಂಬದವರೆಗೆ ಬರೀ ಹಗ್ಗ. ಹೊಸ್ತಿಲಿನಿಂದ ನನಗೆ ಕಂಡದ್ದು ಹಣಿಗೆಯ ಮುಂಭಾಗ ಮಾತ್ರ. ಹಿಂದೆ ಮಗ್ಗ ಬೋಳಾಗಿತ್ತು.

ಅವಳು ನನ್ನ ಪಕ್ಕದಲ್ಲಿ ಕೂತು, ನಾನು ನೇಯ್ದ ಎರಡು ಬೆರಳನ್ನು ಒಂದೊಂದೇ ಎಳೆಯಾಗಿ ಬಿಚ್ಚತೊಡಗಿದಳು. ಬಿಚ್ಚುತ್ತಲೇ ಹೇಳಿದಳು. ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ಎಳೆ, ಮುಗಿಯಿತೆಂದು ನೇಕಾರ ಪೂರ್ತಿ ಕತ್ತರಿಸುವುದಿಲ್ಲ. ಹಣಿಗೆಯ ಹಲ್ಲುಗಳಲ್ಲಿ ಒಂದು ಗೇಣು ಹಳೆಯ ದಾರ ಉಳಿಸಿಕೊಳ್ಳುತ್ತಾನೆ. ಹೊಸ ನೂಲು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಯನ್ನು ಹಳೆಯ ಎಳೆಗೆ ಹೊಸೆದು ಬೆಸೆಯುವುದು. ಒಂದು ದಿನದಲ್ಲಿ ಮಗ್ಗ ಸಿದ್ಧ. ಉಳಿಕೆ ಕತ್ತರಿಸಿದರೆ ಅಷ್ಟೂ ಎಳೆಗಳನ್ನು ಮೊದಲಿನಿಂದ ಹಲ್ಲು ಹಲ್ಲಿಗೆ ಪೋಣಿಸಬೇಕು, ಇಬ್ಬರು ಕೂತರೂ ದಿನಗಟ್ಟಲೆ.

“ಅದಲ್ದ, ಹಣಿಗಿ ಬರಿದು ಇಡಬಾರದು ಅಂತ ನಮ್ಮ ಅತ್ತಿ ಹೇಳ್ತಿದ್ರು. ಅಮಾಸಿಗೆ ಕುಂಕುಮ ಹಚ್ಚೋದು ಅದಕ್ಕರಿ. ಯಾರರ ಕೇಳಿದ್ರ ಐತಿ ಅನ್ನೋದು, ಅಷ್ಟ.”

“ನಾ ಬಂದಾಗ ಇಷ್ಟು ಹೇಳಬಾರದಾಗಿತ್ತೇನು?”

“ನೀವು ಒಳಗ ಬರಲೇ ಇಲ್ಲಲ್ರಿ. ಸರಕಾರದಾವ್ರಿಗೆ ಮಗ್ಗ ಗೊತ್ತಿರತೈತಿ ಅಂತ ನಾವು ತಿಳಕೊಂಡ್ವಿ.”

ಈ ಮನೆಯೊಂದೇ ಅಲ್ಲ, ಎಲ್ಲ ಮನೆಗಳಲ್ಲೂ ನಾನು ಕಂಡದ್ದು ಈ ಒಂದು ಗೇಣು. ಯಜಮಾನರೆಲ್ಲಿ ಎಂದು ಕೇಳಿದೆ. “ಅಸುಂಡಿ ದಾರಿಯಾಗ ಖಡಿ ಒಡ್ಯಾಕತ್ತಾರ. ಮತ್ತೇನ್ ಮಾಡಬೇಕ್ರಿ?” ಎಂದಳು. ಅಷ್ಟು ಹೇಳುವಾಗ ಮಾತ್ರ ಅವಳ ದನಿ ಬಿದ್ದುಹೋಯಿತು.

ಮರುದಿನ ಬೆಳಿಗ್ಗೆ ಕಚೇರಿಗೆ ಮೊದಲು ಅಸುಂಡಿಯ ದಾರಿ ಹಿಡಿದೆ. ಕಲ್ಲಿನ ಗುಪ್ಪೆಗಳ ಹಿಂದೆ ಮಂದಿ ಸಾಲಾಗಿ ಕೂತಿದ್ದರು. ಹೊಲಗೆಲಸದವರ ಸುತ್ತಿಗೆ ಒಂದು ತಾಳದಲ್ಲಿ ಬೀಳುತ್ತಿತ್ತು. ಆ ತಾಳ ತಪ್ಪುತ್ತಿದ್ದ ನೇಕಾರರು ಯಾರೆಂದು ಕೇಳದೆಯೇ ಗೊತ್ತಾಗುತ್ತಿತ್ತು. ಅವಳ ಗಂಡ ಸಣಕಲು ಆಳು. ಬೆರಳುಗಳಿಗೆ ಚಿಂದಿ ಸುತ್ತಿಕೊಂಡಿದ್ದ. ನಾನು ಯಾರೆಂದು ಹೇಳಿದೆ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

“ಸುತಗಿ ಹಿಡಿಯೋದು ಎರಡು ದಿನದಾಗ ಕಲತೆ. ದಾರ ಹಿಡಿಯೋದು ಮರೀತೈತೇನೋ ಅಂತ ಅಂಜಿಕಿ” ಎಂದ. ಚಿಂದಿ ಬಿಚ್ಚಿ, ತನ್ನ ಧೋತರದ ಅಂಚಿನಿಂದ ಒಂದು ಎಳೆ ಕಿತ್ತು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಕಣ್ಣು ಮುಚ್ಚಿದ. “ಐತೋ ಬಿದ್ದೈತೋ ತಿಳೀವಲ್ದು ನೋಡ್ರಿ.”

ನೇಯುವಾಗ ಎಳೆ ಹರಿದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಬೇಕು. ಇನ್ನೆರಡು ತಿಂಗಳು ಇವನು ಇಲ್ಲೇ ಕೂತರೆ ನೂಲು ಬಂದೂ ಉಪಯೋಗವಿಲ್ಲ ಎಂಬುದು ನನ್ನಂಥವನಿಗೂ ತಿಳಿಯಿತು.

ಹಿರಿಯ ಕಾರಕೂನರಿಗೆ ಎಲ್ಲ ಹೇಳಿದೆ. ಅವರು ಒಂದು ಕಾಗದ ತೆಗೆದು ತೋರಿಸಿದರು. ಧಾರವಾಡದಿಂದ ಆಗಲೇ ಟಿಪ್ಪಣಿ ಬಂದಿತ್ತು. ಬೆಟಗೇರಿಯ ಪಟ್ಟಿ ನೋಡಿದರೆ ಮಗ್ಗಗಳೆಲ್ಲ ನಡೆದಿವೆ, ಆದ್ದರಿಂದ ವಾರದ ಜೋಳವನ್ನು ಕೈಲಾಗದವರಿಗೆ ಮಾತ್ರ ಇಟ್ಟು ಉಳಿದವರಿಗೆ ಎಲ್ಲ ತಾಲೂಕುಗಳಲ್ಲೂ ನಿಲ್ಲಿಸಬಹುದು, ನಿಮ್ಮ ಅಭಿಪ್ರಾಯವೇನು ಎಂದಿತ್ತು. ನಾನು ಹೊಸ್ತಿಲಲ್ಲಿ ನಿಂತು ಬರೆದ ‘ಇದೆ’ ಒಂದು ಜಿಲ್ಲೆಯ ನಿಯಮವಾಗಲು ಹೊರಟಿತ್ತು.

ಸಾಹೇಬರ ಬಳಿ ಹೋದೆವು, ತಪ್ಪು ನನ್ನದೆಂದೇ ಬರೆದು ಕಳಿಸುತ್ತೇನೆ ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರಾ ಕೇಳಿದರು, ಕನ್ನಡಕ ತೆಗೆದು ಒರೆಸಿದರು.

“ನೋಡ್ರಿ, ಪಟ್ಟಿ ಮತ್ತೊಮ್ಮೆ ತಪಾಸ ಆದರ ಛಲೋ ಅಂತ ಸಾಮಾನ್ಯ ಮಾತಿನ್ಯಾಗ ಬರ್ಯೋಣು. ನಿಮ್ಮ ತಪ್ಪು ಅಂತ ಯಾಕ ಬರೀತೀರಿ? ನಿಮ್ಮ ಖಾಯಂ ಕಾಗದ ಅದ ಧಾರವಾಡದಾಗ ಕುಂತೈತಿ.”

ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಮನೆಯಲ್ಲಿ ಹೆಂಡತಿ, ಎರಡು ಕೂಸು, ನನ್ನ ತಾಯಿ. ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಸಾಮಾನ್ಯ ಮಾತಿನ ಕಾಗದಗಳು ಏನಾಗುತ್ತವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಂಸ್ಥಾನದಲ್ಲಿ ನಾನೇ ಅಂಥವನ್ನು ಕಟ್ಟುಗಟ್ಟಲೆ ದಾರ ಹಾಕಿ ಕಟ್ಟಿಟ್ಟಿದ್ದೆ. ‘ಆದರೆ ಒಳ್ಳೆಯದು’ ಎಂದು ಬರೆದರೆ ಯಾರೂ ಏಳುವುದಿಲ್ಲ. ‘ಈ ಪಟ್ಟಿ ತಪ್ಪು, ಬರೆದವನು ನಾನು’ ಎಂದರೆ ಅದನ್ನು ಮುಚ್ಚಿಡಲು ಬರುವುದಿಲ್ಲ, ಯಾರಾದರೂ ಏನಾದರೂ ಮಾಡಲೇಬೇಕು. ಇಷ್ಟು ಲೆಕ್ಕ ಹಾಕಿದ ಮೇಲೆ ಲೇಖನಿ ಎತ್ತಿಕೊಂಡೆ. ಬರೆದೆ. ‘ನಾನು ಯಾವ ಮನೆಯ ಒಳಗೂ ಹೋಗಿ ನೋಡಿಲ್ಲ. ನೋಡಿದ್ದರೆ ಐದನೆಯ ಕಲಮಿನಲ್ಲಿ ಬಹುತೇಕ ಇಲ್ಲ ಎಂದು ಬರೆಯುತ್ತಿದ್ದೆ’ ಎಂಬ ಸಾಲನ್ನು ಮೂರು ಸಲ ಹೊಡೆದುಹಾಕಿ ಮೂರು ಸಲ ಮತ್ತೆ ಬರೆದೆ. ನೇಕಾರರಿಗೆ ಖಡಿಯ ಕೆಲಸ ಕೊಡಬಾರದು, ಬೆರಳು ಹಾಳಾಗುತ್ತವೆ ಎಂದು ಸೇರಿಸಿದೆ. ಮೂರು ವರ್ಷದ ವಾಸದ ಮಾತನ್ನೂ ಎತ್ತಿದೆ. ನಿನ್ನೆಯವರೆಗೆ ಸಂಸ್ಥಾನದಲ್ಲಿದ್ದ ಲಕ್ಷ್ಮೇಶ್ವರದವನು, ಶಿರಹಟ್ಟಿಯವನು ಇಲಾಖೆಯಲ್ಲಿ ಮೂರು ವರ್ಷ ಎಲ್ಲಿಂದ ತರಬೇಕು? ಅವನು ಊರು ಬಿಟ್ಟು ಕದಲಿಲ್ಲ, ಗಡಿ ತಾನೇ ಸರಿದಿದೆ ಎಂದು ಬರೆದೆ. ಊರಲ್ಲಿ ಆಗ ಕನ್ನಡದವರೆಲ್ಲ ಒಂದಾಗಬೇಕೆಂಬ ಸಭೆಗಳು ನಡೆಯುತ್ತಿದ್ದವು. ನಾನು ಯಾವ ಸಭೆಗೂ ಹೋದವನಲ್ಲ. ಆ ಒಂದು ಸಾಲು ಬರೆಯುವಾಗ ಮಾತ್ರ ಅವರ ಮಾತು ನನಗೆ ಅರ್ಥವಾಯಿತು.

ಹಿರಿಯ ಕಾರಕೂನರು ಅದನ್ನು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಇಂಗ್ಲಿಷಿಗೆ ಇಳಿಸಿದರು. ಸಾಹೇಬರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಟಪಾಲಿಗೆ ಹಾಕಲು ಹೊರಟರೆ ಹಿರಿಯರು, “ಕೊಡ್ರಿಲ್ಲಿ. ನನಗ ನಾಳಿ ಧಾರವಾಡದಾಗ ಬೀಗರ ಮನಿಯಾಗ ಕೆಲಸ ಐತಿ, ಕೈಯಾಗ ಕೊಟ್ಟು ಬರ್ತೀನಿ” ಎಂದು ಕಿಸೆಗಿಟ್ಟುಕೊಂಡರು. ಅವರಿಗೆ ಧಾರವಾಡದಲ್ಲಿ ಬೀಗರೇ ಇರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಅವರ ಮಗನಿಂದ ತಿಳಿಯಿತು. ಆ ಸೊಂಟನೋವಿನ ಮುದುಕ ನನ್ನ ಸಲುವಾಗಿ ಮೂರನೆಯ ದರ್ಜೆಯ ಡಬ್ಬಿಯಲ್ಲಿ ಹೋಗಿ ಬಂದಿದ್ದರು. ಈಗಲೂ ನೆನೆದರೆ ಕಣ್ಣು ತುಂಬುತ್ತದೆ.

ಹತ್ತು ದಿನಕ್ಕೆ ಧಾರವಾಡದಿಂದ ದೊಡ್ಡ ಅಧಿಕಾರಿಯೊಬ್ಬರು ಬಂದರು. ಮರಾಠಿಯವರು, ಕನ್ನಡ ಅಷ್ಟಕ್ಕಷ್ಟೆ, ನಾನೇ ದುಭಾಷಿ. ಅದೇ ಮನೆಗೆ ಕರೆದುಕೊಂಡು ಹೋದೆ. ಗಂಡನನ್ನೂ ರಸ್ತೆಯಿಂದ ಕರೆಸಿದ್ದೆವು. ಅಧಿಕಾರಿ ಬೂಟು ಕಳಚಿ ಒಳಗೆ ಬಂದು, ಮೊಣಕಾಲೂರಿ ಮಗ್ಗದ ಹಿಂದೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇಷ್ಟನ್ನು ನೀವು ನೋಡಿರಲಿಲ್ಲವೇ?” ಎಂದು ಮರಾಠಿಯಲ್ಲಿ ಕೇಳಿದರು. “ಇಲ್ಲ” ಎಂದೆ. ಅದನ್ನು ಮಾತ್ರ ಯಾರಿಗೂ ಕನ್ನಡದಲ್ಲಿ ಹೇಳಲಿಲ್ಲ. ಆದರೂ ಅವಳಿಗೆ ತಿಳಿಯಿತೆಂದು ಕಾಣುತ್ತದೆ, ನೆಲ ನೋಡಿದಳು.

ಅಧಿಕಾರಿಗೆ ಒಂದು ಸಂಶಯ. ನೂಲು ಇದ್ದವನೂ ಅಡಗಿಸಿಟ್ಟು ಬರೀ ಉಳಿಕೆ ತೋರಿಸಿ ಜೋಳ ಕೇಳಿದರೆ? ನಾನು ಕನ್ನಡಕ್ಕೆ ತಂದೆ. ಗಂಡ ಮುಂದೆ ಬಂದ.

“ನೂಲು ಇದ್ದಾವ ನೇಯೋದು ಬಿಟ್ಟು ಜ್ವಾಳಕ್ಕ ಯಾಕ ನಿಂದರ್ತಾನ್ರಿ? ಆದ್ರೂ ಸಂಶೆ ಇದ್ರ ಓಣಿಯಾಗ ಕಿವಿ ಕೊಡ್ರಿ. ಮಗ್ಗ ಮುಚ್ಚಿ ಬಡಿಯಾಕ ಬರಂಗಿಲ್ಲ.”

ಅಧಿಕಾರಿ ನಕ್ಕುಬಿಟ್ಟರು. ತಮ್ಮ ಕೈಕೋಲನ್ನು ಹಣಿಗೆಯ ಹಿಂದೆ ಹಿಡಿದು ಅಳೆದು, ಗೇಣಿನ ಉಳಿಕೆಗೆ ಧಾರಾಳವಾಗಲಿ ಎಂದು ಒಂದು ಮೊಳದ ಮಿತಿ ಗೊತ್ತುಮಾಡಿದರು. ಫಾರ್ಮು ಬದಲಾಯಿತು. ‘ಒಳಗೆ ಹೋಗಿ ನೋಡಬೇಕು. ಹಣಿಗೆಯ ಹಿಂದೆ ಒಂದು ಮೊಳಕ್ಕಿಂತ ಹೆಚ್ಚು ಹಾಸು ಇದೆಯೇ?’ ಖಡಿಯ ಕೆಲಸದಿಂದ ನೇಕಾರರನ್ನು ಬಿಟ್ಟರು. ವಾಸದ ಷರತ್ತನ್ನು ಮಾತ್ರ ಮುಂದೆ ನೋಡೋಣ ಎಂದು ಬದಿಗಿಟ್ಟರು. ಅದು ಸಡಿಲಾಗುವ ಹೊತ್ತಿಗೆ ನೂಲೇ ಬಂದಿತ್ತು, ನನ್ನ ಊರಿನವರೂ ಲಕ್ಷ್ಮೇಶ್ವರದವರೂ ಅಷ್ಟು ದಿನ ಜೋಳವಿಲ್ಲದೆ ಕಳೆದರು. ಆ ಕೊರಗು ಹಾಗೇ ಇದೆ.

ಮತ್ತೆ ಪಟ್ಟಿ ಮಾಡಿದೆ, ಈ ಸಲ ಟೊಪ್ಪಿಗೆ ಕಿಸೆಯಲ್ಲಿಟ್ಟುಕೊಂಡು. ಇಬ್ಬರು ತಾವಾಗಿಯೇ, “ನಮ್ಮಲ್ಲೆ ಹಾಸು ಐತ್ರಿ, ಬರಕೋಬ್ಯಾಡ್ರಿ” ಎಂದರು. ಮುಂಡರಗಿ ಮೊದಲಾದ ಕಡೆಗೆ ಹೋಗುವ ಕಾರಕೂನರನ್ನು ಮೊದಲು ಬೆಟಗೇರಿಗೆ ಕರೆತಂದು ಒಬ್ಬೊಬ್ಬರನ್ನಾಗಿ ಆ ಕುಣಿಯಲ್ಲಿ ಕೂಡಿಸಿದೆ. ಎಲ್ಲರ ಲಾಳಿಯೂ ನೆಲಕ್ಕೆ ಬಿತ್ತೆಂದು ಹೇಳಲು ನನಗೆ ಈಗಲೂ ಸಂತೋಷ.

ಜೋಳ ಮತ್ತೆ ಶುರುವಾದ ದಿನ ಅವಳ ಗಂಡ ಸಾಲಿನಲ್ಲಿ ಬಂದ. ಹೆಬ್ಬೆರಳಿಗೆ ಶಾಯಿ ಹಚ್ಚಿ ದಪ್ತರದಲ್ಲಿ ಒತ್ತಿದೆ. ಒಂದು ಕಪ್ಪು ಮಚ್ಚೆ ಬಿತ್ತು, ಗೆರೆ ಒಂದೂ ಮೂಡಲಿಲ್ಲ. ಒರೆಸಿ ಮತ್ತೆ ಒತ್ತಿದೆ. ಅಷ್ಟೇ. ಕಲ್ಲಿನಲ್ಲಿ ಬೆರಳು ಸವೆದು ನುಣ್ಣಗಾಗಿತ್ತು. ಗುರುತು ಸ್ಪಷ್ಟವಿಲ್ಲದಿದ್ದರೆ ಜೋಳ ಕೊಡಬಾರದೆಂದು ನಿಯಮ. ಅವನ ಹಿಂದೆ ನಿಂತಿದ್ದ ಅವಳು ತನ್ನ ಹೆಬ್ಬೆರಳು ಮುಂದೆ ಚಾಚಿದಳು. ಒತ್ತಿಸಿಕೊಂಡೆ. ಪಕ್ಕದ ಷರಾ ಕಲಮಿನಲ್ಲಿ ಕಾರಣ ಬರೆಯಬೇಕಿತ್ತು. ‘ಯಜಮಾನನ ಬೆರಳು ಖಡಿ ಕೆಲಸದಿಂದ ಸವೆದಿದೆ. ಖಡಿ ಕೆಲಸಕ್ಕೆ ಹೋದದ್ದು ಸದರಿ ಕಾರಕೂನನ ತಪ್ಪು ನೋಂದಣಿಯಿಂದ’ ಎಂದು ಬರೆದು ಸಹಿ ಹಾಕಿದೆ. ಏನು ಬರೆದಿರಿ ಎಂದು ಅವನು ಕೇಳಿದ. ಓದಿ ಹೇಳಿದೆ.

“ಇಷ್ಟೆಲ್ಲ ಬರೀತಾರೇನ್ರಿ ದಪ್ತರದಾಗ?” ಎಂದ. ಹೆಬ್ಬೆರಳ ಶಾಯಿ ಒರೆಸಿಕೊಳ್ಳುತ್ತ, “ಚರ್ಮ ಬರತೈತ್ರಿ. ಔಡಲೆಣ್ಣಿ ಹಚ್ಚಾಕತ್ತಾಳ” ಎಂದು ಚೀಲ ಎತ್ತಿಕೊಂಡ.

ನಾನು ಖಾಯಂ ಆಗುವುದು ಮತ್ತೊಂದು ವರ್ಷ ತಡವಾಯಿತು. ಆದರೆ ಆಯಿತು. ಆ ಹೆಣ್ಣುಮಗಳಿಗೆ, ನನ್ನ ಹಿರಿಯರಿಗೆ, ಸಹಿ ಹಾಕಿದ ಸಾಹೇಬರಿಗೆ, ಬೂಟು ಕಳಚಿದ ಆ ಅಧಿಕಾರಿಗೆ ನನ್ನ ಋಣ ದೊಡ್ಡದು. ಇವರಲ್ಲಿ ಒಬ್ಬರು ಬೇರೆ ಥರ ನಡೆದುಕೊಂಡಿದ್ದರೂ ನನ್ನ ತಪ್ಪು ನಿಯಮವಾಗಿ ಕೂತುಬಿಡುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನೂಲು ಬರತೊಡಗಿತು, ಸ್ವಲ್ಪ ಸ್ವಲ್ಪವಾಗಿ. ಜೋಳದ ದಿನವಲ್ಲದ ಒಂದು ದಿನ ಆ ನೇಕಾರ ಕಚೇರಿಗೆ ಬಂದ. ಕೈಯಲ್ಲಿ ಚೀಲವಿರಲಿಲ್ಲ.

“ನಮ್ಮ ಹೆಸರು ಹೊಡೀರಿ” ಎಂದ.

“ಯಾಕ, ಇನ್ನೂ ಎರಡು ವಾರ ಕೊಡಾಕ ಅಪ್ಪಣಿ ಐತಲ್ಲ.”

“ಹಾಸು ಹೂಡೇವಿ. ನಿನ್ನಿಯಿಂದ ನಡದೈತಿ.”

ದಪ್ತರ ತೆಗೆದೆ, ಅವನ ಹೆಸರಿನ ಸಾಲು ಸಿಕ್ಕಿತು. ಕೆಂಪು ಶಾಯಿಯಲ್ಲಿ ಲೇಖನಿ ಅದ್ದಿದೆ. ಅದೇ ಹೆಸರಿನ ಮೇಲೆ ನಾನು ಹಿಂದೆ ಒಮ್ಮೆ ಗೆರೆ ಎಳೆದವನು. ಕೈ ಅಲ್ಲೇ ನಿಂತಿತು, ಮುಂದೆ ಹೋಗಲೊಲ್ಲದು. ಅವನು ನನ್ನ ಮುಖ ನೋಡಿದ, ಕಾಗದ ನೋಡಿದ. ಮೇಜಿನ ಮೇಲೆ ಬಗ್ಗಿ, ತನ್ನ ಬೆರಳನ್ನು ಹೆಸರಿನ ಕೆಳಗೆ ಇಟ್ಟು ತೋರಿಸಿದ.

“ಹೊಡೀರಿ ಸಾಹೇಬ್ರ. ಈಗ ಖರೇನ ಐತಿ.”